ಸಂತ್ರಾ ಸಿಪ್ಪೆಯ ಪೇಟೆಂಟು

ಆಗುವುದೇ ಇಲ್ಲ ಎಂದವರು ನಮ್ಮ ಸೋದರಮಾವ ಚನ್ನಬಸಪ್ಪ. ನಮ್ಮಪ್ಪ ನಾಗಪುರದ ಇತವಾರಿ ಪೇಟೆಯಲ್ಲಿ ಒಬ್ಬ ಸೇಠರ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ, ಅಳೆದು, ಹರಿದು ಕೊಡುವ ಕೆಲಸಕ್ಕಿದ್ದರು. ಮಾವ ಪಕ್ಕದ ಓಣಿಯಲ್ಲಿ ಕಾಳುಕಡಿಯ ದಲಾಲಿ. ಬಿ.ಎಸ್ಸಿ. ಮುಗಿಸಿದ ನಾನು ಕಾನೂನನ್ನೂ ಓದುತ್ತೇನೆ ಎಂದ ದಿನ ಮಾವ ಚಹದ ಬಶಿ ಕೆಳಗಿಟ್ಟರು.

"ಅರಿವಿ ಹರಿಯೋನ ಮಗ ವಕೀಲ ಆಗತಾನಂತ. ಹುಣಸಿ ಗಿಡದಾಗ ಮಾವಿನಕಾಯಿ ಬಿಟ್ಟಂಗ. ಆಗಂಗಿಲ್ಲ ಬಿಡು. ಸೇಠಗ ಹೇಳಿ ಅಂಗಡ್ಯಾಗ ಹಚ್ಚು, ನಾಳಿಂದ ಪಗಾರ ಚಾಲೂ."

ಅಪ್ಪ ಬಹಳ ಮಾತಿನವರಲ್ಲ. "ಓದ್ಲಿ. ಹರಿಯೂದು ನಾ ಇನ್ನೂ ಹರೀತೇನಿ," ಎಂದರು. ಅಷ್ಟೇ. ಆ ಮಾತಿನ ಮೇಲೆ ನಾನು ಹಗಲು ಒಂದು ಔಷಧ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿಗೆ ಹೋಗಿ ಕಾನೂನು ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಎಂಬುದು ನನ್ನಿಂದ ಶುರುವಾಯಿತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಬೆವರು ಸುರಿಸಿ ಪಡೆದದ್ದನ್ನು ಸಂಕೋಚಪಟ್ಟು ಹೇಳುವುದು ನನಗೆ ಬರುವುದಿಲ್ಲ.

ಈಗ ನಿವೃತ್ತನಾಗಿದ್ದೇನೆ. ಪೇಟೆಂಟ್ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಸರ್, ನಿಮ್ಮ ದೊಡ್ಡ ಕೇಸು ಯಾವುದು, ಗೆದ್ದದ್ದು ಹೇಗೆ?" ಎಂದು ಕೇಳುತ್ತಾರೆ. ಗೆದ್ದ ಕಡತಗಳು ನನಗೆ ಅಷ್ಟಾಗಿ ನೆನಪಿಲ್ಲ. ಅವು ಗೆದ್ದ ಮರುದಿನವೇ ಕಪಾಟಿಗೆ ಹೋದವು. ಮನಸ್ಸಿನಲ್ಲಿ ಉಳಿದವು ಬೇರೆ. ಅವನ್ನೇ ಬರೆಯುತ್ತೇನೆ, ನಿಮಗೆ ಅವುಗಳಿಂದಲೇ ಹೆಚ್ಚು ಉಪಯೋಗ.

ಸಿವಿಲ್ ಲೈನ್ಸಿನಲ್ಲಿ ಕೋರ್ಟಿನ ಹಿಂಬದಿಯ ಒಂದು ಹಳೆಯ ಬಂಗಲೆಯ ಹೊರಕೋಣೆಯಲ್ಲಿ ಭಾಲೇರಾವ್ ಸಾಹೇಬರ ಆಫೀಸು. ನಾನು ಕಲಿತದ್ದು ಅಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ನಾಗಪುರದಲ್ಲಿ ಪೇಟೆಂಟ್ ಕೆಲಸ ಮಾಡುವವರನ್ನು ಹುಡುಕಬೇಕಿತ್ತು. ನಮ್ಮಲ್ಲಿಗೆ ಬರುತ್ತಿದ್ದುದು ದಾಲ್ ಮಿಲ್ಲಿನ ಜರಡಿ, ಹತ್ತಿ ಬಿಡಿಸುವ ಯಂತ್ರದ ಹಲ್ಲು, ಸಂತ್ರಾ, ಅಂದರೆ ಕಿತ್ತಳೆ ಹಣ್ಣನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಇಳಿಜಾರು ಮಣೆ, ಇಂಥವೇ. ಚಿತ್ರಗಳನ್ನು ಕಪ್ಪು ಶಾಯಿಯಲ್ಲಿ ಕೈಯಿಂದ ಬರೆಸಬೇಕು. ಟೈಪು ಮಾಡುವಾಗ ಕಾರ್ಬನ್ ಹಾಳೆ ಜಾರಿದರೆ ಪುಟವೆಲ್ಲ ಮತ್ತೆ ಮೊದಲಿನಿಂದ. ಇಂಥದ್ದೇ ಬೇರೆ ಯಾರಾದರೂ ಮೊದಲು ಮಾಡಿದ್ದಾರೆಯೇ ಎಂದು ಹುಡುಕಲು ಮುಂಬೈ ಗಾಡಿ ಹತ್ತಿ, ಅಲ್ಲಿಯ ಗ್ರಂಥಾಲಯದಲ್ಲಿ ಧೂಳು ಕುಡಿಯಬೇಕು. ಈಗ ಹುಡುಗರು ಕುಳಿತಲ್ಲೇ ಚಹ ಆರುವ ಮುಂಚೆ ಅಷ್ಟನ್ನೂ ಹುಡುಕುತ್ತಾರೆ. ಒಳ್ಳೆಯದೇ. ಆ ಧೂಳಿನ ಮೇಲೆ ನನಗೇನೂ ಮಮಕಾರವಿಲ್ಲ.

ನಾನು ರಸಾಯನಶಾಸ್ತ್ರ ಓದಿದವನು ಎಂಬ ಕಾರಣಕ್ಕೆ ಔಷಧ, ಲಸಿಕೆ, ಕಿಣ್ವ, ಬೂಷ್ಟು ಯಾವುದು ಬಂದರೂ ಸಾಹೇಬರು ನನ್ನ ಮೇಜಿಗೆ ತಳ್ಳುತ್ತಿದ್ದರು. "ವಾಸನೆ ಬರೋದೆಲ್ಲ ನಿನಗೆ, ಎಣ್ಣೆ ಹಚ್ಚೋದೆಲ್ಲ ನನಗೆ," ಎಂದು ಮರಾಠಿಯಲ್ಲಿ ಹೇಳಿ ನಗುತ್ತಿದ್ದರು.

ಮೊದಮೊದಲು ಬಂದವರಲ್ಲಿ ನಮ್ಮ ಕಡೆಯವರೇ ಒಬ್ಬರು ವೈದ್ಯರಿದ್ದರು, ಗದಗಿನ ಮೂಲದ ಅಪ್ಪಯ್ಯನವರು. ಕೀಲುನೋವಿನ ಎಣ್ಣೆಯ ಬಾಟಲಿಯನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲೆ ಇಟ್ಟರು.

"ವಕೀಲರ, ಇದಕ್ಕ ಸರಕಾರದ ಮುದ್ರಿ ಹಾಕಿಸಿ ಕೊಡ್ರಿ."

"ಇದ್ರಾಗ ಏನೇನ್ ಹಾಕೀರಿ?"

"ಅದನ್ನ ಹ್ಯಾಂಗ ಹೇಳ್ಲಿ? ನನ್ನ ಹೇಣ್ತಿಗೂ ಹೇಳಿಲ್ಲ."

"ಹೇಳದಿದ್ರ ಆಗಂಗಿಲ್ರಿ. ನೀವು ಎಲ್ಲಾ ಬರದು ಕೊಡಬೇಕು. ಸರಕಾರ ಅದನ್ನ ಯಾರ್ ಬೇಕಾದ್ರೂ ಓದೂ ಹಂಗ ಇಡತೈತಿ. ಅದರ ಬದ್ಲಿ ಒಂದಷ್ಟು ವರ್ಷ ನಿಮ್ಮನ್ನ ಬಿಟ್ಟು ಯಾರೂ ಮಾಡೂ ಹಂಗಿಲ್ಲ ಅಂತ ಮುದ್ರಿ ಒತ್ತತೈತಿ."

"ವರ್ಷ ಮುಗದ ಮ್ಯಾಲ?"

"ಊರ ಮಂದಿ ಎಲ್ಲಾ ಮಾಡಬಹುದು."

ಅಪ್ಪಯ್ಯನವರು ಬಾಟಲಿಯನ್ನು ಮತ್ತೆ ಚುಂಗಿನಲ್ಲಿ ಸುತ್ತಿದರು. "ಗುಟ್ಟು ಕಾಯಾಕ ಬಂದಾಂವ ಊರಾಗ ಡಂಗುರಾ ಹೊಡೀಬೇಕು. ಚಲೋ ಕಾನೂನು ಬಿಡ್ರಿ ನಿಮ್ದು," ಎಂದು ಎದ್ದೇ ಹೋದರು. ನಾವೆಲ್ಲ ನಕ್ಕೆವು. ಆದರೆ ಪೇಟೆಂಟ್ ಎಂದರೆ ಇಷ್ಟೇ: ಎಲ್ಲವನ್ನೂ ಹೇಳಿಬಿಡಬೇಕು, ಪ್ರತಿಯಾಗಿ ಕೆಲವು ವರ್ಷ ಸಿಗುತ್ತವೆ. ಆ ವರ್ಷಗಳು ನಿಜವಾಗಿ ಕೈಗೆ ಸಿಗುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಉಳಿದದ್ದೆಲ್ಲ ಕಾಗದ.

ಇನ್ನೊಬ್ಬರು ಪಶುವೈದ್ಯರು. ಕೋಳಿಗಳ ರೋಗಕ್ಕೆ ಒಂದು ಲಸಿಕೆ ತಯಾರಿಸುವ ವಿಧಾನ ಕಂಡುಹಿಡಿದಿದ್ದರು. ಲಸಿಕೆಯೊಳಗಿನ ವೈರಾಣು ಜೀವಂತ. ಆಗ ಪೇಟೆಂಟ್ ಆಫೀಸಿನವರ ನಿಲುವು ಒಂದೇ: ಕೊನೆಗೆ ಬರುವ ವಸ್ತುವಿನಲ್ಲಿ ಜೀವವಿದ್ದರೆ ಅದು ತಯಾರಿಕೆಯೇ ಅಲ್ಲ. ನಾನು ಅವರಿಗೆ ಅದನ್ನೇ ಹೇಳಿ, ಚಹ ಕುಡಿಸಿ, ಬಾಗಿಲ ತನಕ ಬಂದು ಬೀಳ್ಕೊಟ್ಟೆ. ಅರ್ಜಿಯನ್ನೇ ಹಾಕಲಿಲ್ಲ. ಕೆಲವು ವರ್ಷಗಳ ಮೇಲೆ ಬೇರೆ ಯಾರೋ ಕೋರ್ಟಿಗೆ ಹೋಗಿ, ಜೀವಂತ ಲಸಿಕೆಯ ವಿಧಾನಕ್ಕೂ ಪೇಟೆಂಟ್ ಕೊಡಬಹುದು ಎಂದು ತೀರ್ಪು ತಂದರು. ಅಷ್ಟರಲ್ಲಿ ನಮ್ಮ ಪಶುವೈದ್ಯರು ತಮ್ಮ ವಿಧಾನವನ್ನು ಎರಡು ಸಮ್ಮೇಳನಗಳಲ್ಲಿ ಓದಿ, ಶಾಲು ಹೊದ್ದು, ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಆಗಿತ್ತು. ಒಮ್ಮೆ ಊರಿಗೆಲ್ಲ ಗೊತ್ತಾದದ್ದಕ್ಕೆ ಪೇಟೆಂಟ್ ಇಲ್ಲ. ಇಂದಿನ ಕಾನೂನು ನಾಳೆಯದೂ ಹೌದು ಎಂದುಕೊಂಡವನು ಈ ವೃತ್ತಿಗೆ ಬರಬಾರದು. ಇದನ್ನು ಅಲ್ಲಿ ಕಲಿತೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ ಎಂಬುದು ಸರೋಜಾ ಅವರ ಕಡತದಲ್ಲಿ ಗೊತ್ತಾಯಿತು.

ಆ ಕಡತದ ಬಗ್ಗೆ ಹೇಳುವ ಮೊದಲು ಸಾಹೇಬರ ಪದ್ಧತಿ ಹೇಳಬೇಕು. ಪೇಟೆಂಟ್ ಅರ್ಜಿಯ ಕೊನೆಗೆ ಕ್ಲೇಮುಗಳು ಎಂದಿರುತ್ತವೆ. ಇಷ್ಟು ನನ್ನದು, ಇದರೊಳಗೆ ಬೇರೆಯವರು ಕಾಲಿಡಬಾರದು ಎಂದು ಎಳೆಯುವ ಬೇಲಿ ಅದು. ಭಾಲೇರಾವ್ ಸಾಹೇಬರು ಹೇಳುತ್ತಿದ್ದರು: "ಅರೆ ಬಾಬಾ, ಮೊದಲು ಇಡೀ ಹೊಲ ಕೇಳು. ಆಫೀಸಿನವರು ಕಡಿಯುತ್ತ ಬರುತ್ತಾರೆ, ನೀನು ಒಂದೊಂದೇ ಹೆಜ್ಜೆ ಹಿಂದೆ ಸರಿ. ಕೊನೆಗೆ ಬಾವಿಯ ಸುತ್ತಲಿನ ಜಾಗ ಉಳಿದರೂ ಲಾಭ."

ಇತವಾರಿಯಲ್ಲಿ ಬೆಳೆದ ನನಗೆ ಇದನ್ನು ಕಲಿಸುವ ಅಗತ್ಯವೇ ಇರಲಿಲ್ಲ. ಸೇಠರು ಒಂದು ಬೆಲೆ ಹೇಳುವುದು, ಗಿರಾಕಿ ಅದರ ಅರ್ಧ ಹೇಳುವುದು, ನಡುವೆ ಚಹ ಬರುವುದು, ಗಿರಾಕಿ ಚಪ್ಪಲಿ ಮೆಟ್ಟಿ ಹೊರಟಂತೆ ಮಾಡುವುದು, ಅಪ್ಪ ಥಾನು ಸುತ್ತಿದಂತೆ ಮಾಡುವುದು, ಇಷ್ಟೆಲ್ಲ ಆದ ಮೇಲೆ ಇಬ್ಬರಿಗೂ ಮೊದಲಿನಿಂದ ಗೊತ್ತಿದ್ದ ಬೆಲೆಗೆ ಬಟ್ಟೆ ಹರಿಯುವುದು. ಮೊದಲ ಮಾತಿಗೇ ಸರಿಯಾದ ಬೆಲೆ ಹೇಳಿದವನು ನಮ್ಮ ಪೇಟೆಯಲ್ಲಿ ದಡ್ಡ. ದಾಲ್ ಮಿಲ್ಲಿನ ಜರಡಿಗೂ ಹತ್ತಿಯಂತ್ರದ ಹಲ್ಲಿಗೂ ನಾವು ಹೀಗೆಯೇ ಚೌಕಾಶಿ ಮಾಡಿದೆವು. ಯಂತ್ರಗಳ ಪೇಟೆಂಟಿಗೆ ಆಗ ಹದಿನಾಲ್ಕು ವರ್ಷದ ಆಯುಷ್ಯ. ಚೌಕಾಶಿಯಲ್ಲಿ ಎರಡು ಹೋದರೂ ಹನ್ನೆರಡು ಉಳಿಯುತ್ತಿದ್ದವು. ಪದ್ಧತಿ ಬರೋಬರ್ ನಡೆಯಿತು.

ಔಷಧದ್ದು ಬೇರೆ. ಆಗಿನ ಕಾನೂನಿನಲ್ಲಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಅದಕ್ಕೂ ಹೆಚ್ಚೆಂದರೆ ಏಳು ವರ್ಷ. ಆ ಏಳು ವರ್ಷ ಎಣಿಕೆಯಾಗುವುದು ಮುದ್ರೆ ಒತ್ತಿದ ದಿನದಿಂದ ಅಲ್ಲ, ಪೂರ್ಣ ಅರ್ಜಿ ಹಾಕಿದ ದಿನದಿಂದ. ಬಡವರಿಗೆ ಔಷಧ ಅಗ್ಗಕ್ಕೆ ಸಿಗಲಿ ಎಂದು ಮಾಡಿದ ಕಾನೂನು. ಅದರ ಮೇಲೆ ನನಗೆ ಇಂದಿಗೂ ದೂರಿಲ್ಲ.

ಡಾ. ಸರೋಜಾ ಇಟಗಿ ಒಂದು ಔಷಧಶಾಸ್ತ್ರ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ನಾಗಪುರದ ಹಳೇ ಪೇಟೆ ಮಹಾಲಿನ ಓಣಿಯೊಂದರಲ್ಲಿ, ಒಂದು ಹಳೆಯ ವಾಡೆಯ ಮೇಲಂತಸ್ತಿನಲ್ಲಿ ಮನೆ. ಗಂಡ ಅಮರಾವತಿಯ ಬ್ಯಾಂಕಿನಲ್ಲಿ, ಭಾನುವಾರಕ್ಕೊಮ್ಮೆ ಬರುವವರು. ಮನೆಯಲ್ಲಿ ಇವರು, ಅತ್ತೆ ನೀಲವ್ವ. ನನ್ನ ಪರಿಚಯವಾದದ್ದು ಕನ್ನಡ ಸಂಘದ ದಸರೆಯ ಊಟದಲ್ಲಿ. ಎಲೆಯ ಮುಂದೆ ಕುಳಿತೇ, "ನನ್ನ ಹತ್ರ ಒಂದು ಬೂಷ್ಟು ಐತ್ರಿ," ಎಂದು ಮಾತು ತೆಗೆದ ಹೆಂಗಸು ನನ್ನ ಜೀವನದಲ್ಲಿ ಅವರೊಬ್ಬರೇ.

ಅವರು ಮಾಡಿದ್ದು ಹೀಗೆ. ನಾಗಪುರದಲ್ಲಿ ಸಂತ್ರಾ ಹಣ್ಣಿನ ರಸ ತೆಗೆದ ಮೇಲೆ ಸಿಪ್ಪೆ ರಾಶಿ ರಾಶಿ ಬಿಸಾಡುತ್ತಾರೆ. ಆ ಸಿಪ್ಪೆಯಲ್ಲಿ ಕಾಲಿನ ನರ ಉಬ್ಬುವ ಬೇನೆಗೆ ಉಪಯೋಗವಾಗುವ ಒಂದು ಪದಾರ್ಥವಿದೆ. ಅದನ್ನು ತೆಗೆಯಲು ಎಲ್ಲರೂ ತೀಕ್ಷ್ಣ ರಾಸಾಯನಿಕ ಬಳಸುತ್ತಿದ್ದರು. ಸರೋಜಾ ಅವರು ಕೊಳೆತ ಸಂತ್ರಾ ಮೇಲೆಯೇ ಬೆಳೆದ ಒಂದು ಬೂಷ್ಟನ್ನು ಹಿಡಿದು, ಅದರ ಕಿಣ್ವದಿಂದ ಸಿಪ್ಪೆಯನ್ನು ಮೆತ್ತಗೆ ಮಾಡಿ, ಹೆಚ್ಚು ಪುಡಿ ತೆಗೆದಿದ್ದರು. ಹೊಗೆಯಿಲ್ಲ, ಉರಿಯಿಲ್ಲ, ಚರಂಡಿಗೆ ಆಮ್ಲ ಬಿಡುವುದಿಲ್ಲ.

ಮನೆಗೆ ಹೋದಾಗ ನೀಲವ್ವ ಮಾಳಿಗೆಯ ಮೇಲೆ ಒಣಗಿಸಿದ್ದ ಸಿಪ್ಪೆಯನ್ನು ಕಾಲಿನಿಂದ ಸರಿಸಿ ನನಗೆ ದಾರಿ ಮಾಡಿದರು.

"ಬರ್ರಿ ವಕೀಲರ. ನೋಡ್ರಿ ನಮ್ಮ ಮನಿ. ಫ್ರಿಜ್ಜಿನ್ಯಾಗ ಹಾಲಿಡಾಕ ಜಾಗಾ ಇಲ್ಲ. ಮಂದಿ ಸೊಸ್ತ್ಯಾರು ಬೂಷ್ಟು ತಿಕ್ಕಿ ತಗೀತಾರ, ನಮ್ಮಾಕಿ ಸಾಕ್ತಾಳ."

"ಅತ್ತಿ, ಅದು ಔಷಧದ್ದು," ಎಂದರು ಸರೋಜಾ ಒಳಗಿನಿಂದ.

"ಗೊತ್ತಾತು ತಾಯಿ. ಹೋದ ವಾರ ಒಂದು ಡಬ್ಬಿ ಚೆಲ್ಲಿದ್ದಕ್ಕ ಅತ್ತು, ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ಲು ವಕೀಲರ. ಸತ್ತ ಮಾವಗ ಅಷ್ಟು ಅತ್ತಿರಲಿಲ್ಲ."

ಆ ಮನೆಯಲ್ಲಿ ಇಂಥ ಮಾತಿಗೆ ಕೊನೆಯೇ ಇರಲಿಲ್ಲ. ಅತ್ತೆ ಸೊಸೆ ಜಗಳವಾಡುತ್ತಿದ್ದಾರೋ ಹರಟುತ್ತಿದ್ದಾರೋ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಸರೋಜಾ ಅವರಿಗೆ ಬೇಕಾಗಿದ್ದುದು ಸ್ಪಷ್ಟವಾಗಿತ್ತು. ಮುಂಬೈಯ ಒಂದು ಔಷಧ ಕಂಪನಿಯ ಅಧಿಕಾರಿ ಅವರ ಪ್ರಯೋಗ ನೋಡಿ ಹೋಗಿದ್ದರು. ಪೇಟೆಂಟ್ ಕೈಗೆ ಬಂದರೆ ಹಿಂಗಣಾ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಘಟಕ ಹಾಕುತ್ತೇವೆ, ಪ್ರಯೋಗಾಲಯ ನೀವೇ ನಡೆಸಿ ಎಂದಿದ್ದರು. ಕಾಲೇಜಿನಲ್ಲಿ ಸರೋಜಾ ಅವರಿಗೆ ಒಂದು ಮೇಜು, ಒಂದು ಬರ್ನರು, ಸಂಜೆ ಐದಕ್ಕೆ ಬೀಗ. ತಮ್ಮದೇ ಪ್ರಯೋಗಾಲಯ ಎಂಬ ಮಾತು ಬಂದಾಗ ಅವರ ಧ್ವನಿ ಸಣ್ಣದಾಗುತ್ತಿತ್ತು, ದೇವರ ಕೋಣೆಯಲ್ಲಿ ಮಾತಾಡಿದ ಹಾಗೆ.

ನಾನು ಒಂದು ಒಳ್ಳೆಯ ಕೆಲಸ ಮಾಡಿದೆ. ಅರ್ಜಿ ಹಾಕುವವರೆಗೆ ಎಲ್ಲಿಯೂ ಬಾಯಿ ಬಿಡಬೇಡಿ ಎಂದೆ. ಕನ್ನಡ ಸಂಘದವರು ಸನ್ಮಾನ ಇಟ್ಟುಕೊಂಡಿದ್ದರು, ಅದನ್ನೂ ಬಿಡಿಸಿದೆ. ಅಧ್ಯಕ್ಷರು ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟರು.

ಆಮೇಲೆ ಕ್ಲೇಮು ಬರೆಯಲು ಕುಳಿತೆವು. ಸರೋಜಾ ಅವರು ತಾವೇ ಒಂದು ಪುಟ ಬರೆದುಕೊಂಡು ಬಂದಿದ್ದರು: ಸಂತ್ರಾ ಸಿಪ್ಪೆ, ಈ ಬೂಷ್ಟು, ಇಷ್ಟು ಉಷ್ಣತೆ, ಇಷ್ಟು ಹೊತ್ತು. ನಾನು ಸಾಹೇಬರ ಪದ್ಧತಿಯಂತೆ ಅದನ್ನು ಹಿಗ್ಗಿಸಿದೆ. ನಿಂಬೆಯ ಜಾತಿಯ ಯಾವುದೇ ಹಣ್ಣಿನ ಸಿಪ್ಪೆ. ಯಾವುದೇ ಬೂಷ್ಟಿನ ಕಿಣ್ವ. ಅಷ್ಟು ಸಾಲದು ಎಂದು, ಹೀಗೆ ತೆಗೆದ ಪುಡಿಯೂ ನಮ್ಮದೇ.

ಅವರು ಓದಿ ತಲೆ ಎತ್ತಿದರು. "ಇಷ್ಟ್ಯಾಕ್ರಿ ವಕೀಲರ? ಮೋಸಂಬಿ ನಾ ಮುಟ್ಟಿಲ್ಲ. ಬ್ಯಾರೆ ಬೂಷ್ಟು ನೋಡಿಲ್ಲ. ಪುಡಿ ಅಂತೂ ಔಷಧ, ಅದಕ್ಕ ಕೊಡಂಗಿಲ್ಲ ಅಂತ ನೀವ ಹೇಳೀರಿ."

"ಕೊಡಂಗಿಲ್ಲ, ಖರೆ. ಕೇಳಾಕೇನು? ಅವರು ಕಡೀಲಿ, ನಾವು ಬಿಟ್ಟಂಗ ಮಾಡೂಣು. ಮೊದಲ ನೀವು ಬರದದ್ದಷ್ಟ ಕೇಳಿದ್ರ ಅದರಾಗೂ ಅರ್ಧಾ ಕಡೀತಾರ."

"ನನಗ ಜಲ್ದಿ ಆದ್ರ ಸಾಕು ನೋಡ್ರಿ."

"ಆಗತೈತಿ, ಚಿಂತಿ ಮಾಡಬ್ಯಾಡ್ರಿ."

ಸಾಹೇಬರಿಗೆ ತೋರಿಸಿದೆ. ಕನ್ನಡಕದ ಮೇಲಿಂದ ನೋಡಿ, "ಶಾಬ್ಬಾಸ್, ಈಗ ವಕೀಲನಾದೆ," ಎಂದರು. ಹತ್ತು ವರ್ಷಗಳಲ್ಲಿ ಅವರ ಬಾಯಿಂದ ನನಗೆ ಬಂದ ಶಾಬ್ಬಾಸ್‌ಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅದರಲ್ಲಿ ಇದೊಂದು.

ಅರ್ಜಿ ಮುಂಬೈಗೆ ಹೋಯಿತು. ಹೋಗಿ ಮಲಗಿತು. ಪೇಟೆಂಟ್ ಆಫೀಸಿನಲ್ಲಿ ಆಗ ಪರೀಕ್ಷಕರು ಕಡಿಮೆ, ಕಡತಗಳು ಸೂರಿನವರೆಗೆ. ನಾಲ್ಕು ವರ್ಷ ಏನೂ ಬರಲಿಲ್ಲ. ಅದಕ್ಕೆ ನಾನು ಜವಾಬ್ದಾರನಲ್ಲ, ಯಾರ ಅರ್ಜಿಗೂ ಅಷ್ಟೇ. ಈ ನಡುವೆ ಪುಣೆಯ ಒಂದು ಸಂಸ್ಥೆಯಿಂದ ಸರೋಜಾ ಅವರಿಗೆ ಒಳ್ಳೆಯ ಹುದ್ದೆಗೆ ಕರೆ ಬಂತು. ಅವರು ನನ್ನನ್ನು ಕೇಳಿದರು. "ಇನ್ನೇನು ಬರತೈತ್ರಿ, ಹಿಂಗಣಾ ಘಟಕ ಬಿಟ್ಟು ಎಲ್ಲಿಗೆ ಹೋಗ್ತೀರಿ?" ಎಂದೆ. ಹೋಗಲಿಲ್ಲ.

ಕೊನೆಗೆ ಪರೀಕ್ಷಕರ ಆಕ್ಷೇಪಣೆ ಬಂತು. ಓದಿದರೆ, ನಾವು ಹಿಗ್ಗಿಸಿದ್ದೆಲ್ಲಕ್ಕೂ ಕೆಂಪು ಗೆರೆ. ಬೇರೆ ಹಣ್ಣಿನ ಪ್ರಯೋಗ ಎಲ್ಲಿ? ಬೇರೆ ಬೂಷ್ಟಿನ ಆಧಾರ ಎಲ್ಲಿ? ಪುಡಿ ಔಷಧ, ಕೊಡಲಾಗದು. ಸಂತ್ರಾ ಸಿಪ್ಪೆಗೆ, ಈ ಬೂಷ್ಟಿಗೆ ಮಾತ್ರ ಯಾವ ತಕರಾರೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳುತ್ತೇನೆ, ಹೊಸಬರು ಇದನ್ನು ಗಮನವಿಟ್ಟು ಓದಿ. ಆ ದಿನ ನಾನು ಆಕ್ಷೇಪಣೆಗಳನ್ನು ಒಪ್ಪಿ ಸರೋಜಾ ಅವರ ಮೂಲ ಪುಟಕ್ಕೆ ಇಳಿದಿದ್ದರೆ ಕೆಲವೇ ತಿಂಗಳಲ್ಲಿ ಅರ್ಜಿ ಅಂಗೀಕಾರವಾಗುತ್ತಿತ್ತು. ಏಳರಲ್ಲಿ ಎರಡು ವರ್ಷವಾದರೂ ಉಳಿಯುತ್ತಿದ್ದವು. ಕಂಪನಿ ಇನ್ನೂ ಕಾಯುತ್ತಿತ್ತು. ಆದರೆ ಮೊದಲ ಮಾತಿಗೇ ಇಳಿಯುವುದು ನಮ್ಮ ರಕ್ತದಲ್ಲಿರಲಿಲ್ಲ. ಸಾಹೇಬರು, "ಒಂದು ಹೆಜ್ಜೆ ಸರಿ," ಎಂದರು. ಪುಡಿಯನ್ನು ಬಿಟ್ಟೆವು. ಉತ್ತರ ಬಂತು, ಬೂಷ್ಟಿನ ಮೇಲೆ ವಾದಿಸಿದೆವು. ಮತ್ತೆ ಉತ್ತರ, ಹಣ್ಣಿನ ಮೇಲೆ ವಾದಿಸಿದೆವು. ನಮ್ಮ ನಮ್ಮಲ್ಲೇ ಚೆನ್ನಾಗಿ ವಾದಿಸಿದೆವು ಎಂದು ಬೆನ್ನು ತಟ್ಟಿಕೊಂಡೆವು. ಆಫೀಸು ಕೊಟ್ಟ ಗಡುವಿನ ಕೊನೆಯವರೆಗೆ ಎಳೆದೆವು. ಅತ್ತ ಏಳು ವರ್ಷದ ಗಡಿಯಾರ ಅರ್ಜಿ ಹಾಕಿದ ದಿನದಿಂದ ಓಡುತ್ತಲೇ ಇತ್ತು. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ ಕಲಮು ಅದು. ಆದರೆ ಕೈ ಮಾತ್ರ ಜರಡಿ, ಯಂತ್ರದ ಹಲ್ಲಿನ ಲೆಕ್ಕದಲ್ಲೇ ನಡೆಯುತ್ತಿತ್ತು.

ಕೊನೆಯ ವಿಚಾರಣೆಗೆ ಮುಂಬೈಗೆ ಹೋದಾಗ ಪರೀಕ್ಷಕರು, ನನಗಿಂತ ಚಿಕ್ಕವರು, ಕಡತ ಮುಚ್ಚಿ ಹಿಂದಿಯಲ್ಲಿ, "ವಕೀಲ್ ಸಾಹಬ್, ಛೋಡಿಯೇ ನಾ. ಆಖಿರ್ ಮೇಂ ಯಹೀ ಬಚೇಗಾ," ಎಂದರು. ಬಿಡಿ, ಕೊನೆಗೆ ಉಳಿಯುವುದು ಇಷ್ಟೇ ತಾನೆ ಎಂದು. ಬೆರಳಿಟ್ಟು ತೋರಿಸಿದ್ದು ಸಂತ್ರಾ ಸಿಪ್ಪೆಯ ಸಾಲನ್ನು. ನಾನು ಬಿಟ್ಟೆ. ಬಿಡಲು ಬೇರೇನೂ ಉಳಿದಿರಲಿಲ್ಲ.

ಆಮೇಲೂ ಗೆಜೆಟ್ಟಿನಲ್ಲಿ ಪ್ರಕಟಣೆ, ಯಾರದಾದರೂ ವಿರೋಧವಿದೆಯೇ ಎಂದು ನಾಲ್ಕು ತಿಂಗಳು ಕಾಯುವುದು, ನಂತರ ಮುದ್ರೆಗೆ ಸರದಿ. ಕಂಪನಿಯ ಅಧಿಕಾರಿ ಮೊದಲು ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದವರು ಹಬ್ಬಕ್ಕೊಮ್ಮೆ ಮಾಡತೊಡಗಿದರು. ಕೊನೆಯ ಸಲ ನನ್ನ ಆಫೀಸಿಗೇ ಬಂದರು. ಸಭ್ಯ ಮನುಷ್ಯ. "ಸಾಹೇಬರೇ, ಮುದ್ರೆ ಬಿದ್ದ ಮೇಲೆ ಎಷ್ಟು ದಿನ ಉಳಿಯುತ್ತದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೆಲವು ತಿಂಗಳು ಎಂದೆ. "ಹಾಗಾದರೆ ನಾವು ಘಟಕ ಕಟ್ಟುವಷ್ಟರಲ್ಲಿ ಅದು ಎಲ್ಲರದೂ ಆಗಿರುತ್ತದೆ. ನಾವೇ ಯಾಕೆ ಕಟ್ಟಬೇಕು?" ಎಂದರು. ಅವರ ತಪ್ಪೇನೂ ಇರಲಿಲ್ಲ. ಕೈ ಕುಲುಕಿ ಹೋದರು.

ಇದನ್ನು ಸರೋಜಾ ಅವರಿಗೆ ಹೇಳಲು ಮಹಾಲಿಗೆ ಹೋದಾಗ ಅವರು ಪರೀಕ್ಷೆಯ ಪೇಪರು ತಿದ್ದುತ್ತ ಕುಳಿತಿದ್ದರು. ಪೂರ್ತಿ ಕೇಳಿದರು. ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿದರು, ಮತ್ತೆ ತೆಗೆದರು.

"ನೀವು ಬೇಕಂತ ಮಾಡಿಲ್ಲಲ್ರಿ," ಎಂದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಕಕ್ಷಿದಾರರು ನನ್ನನ್ನು ಬೈದಿದ್ದಾರೆ, ಒಬ್ಬ ದಾಲ್ ಮಿಲ್ಲಿನವರು ಜರಡಿಯನ್ನೇ ನನ್ನ ಮೇಜಿನ ಮೇಲೆ ಬಿಸಾಡಿದ್ದರು. ಅವೆಲ್ಲ ಮರೆತುಹೋಗಿವೆ. ಈ ಒಂದು ಮಾತು ಮರೆತಿಲ್ಲ.

ಆ ಪೇಟೆಂಟಿನ ಆಯುಷ್ಯ ಮುಗಿದದ್ದು ಹೋಳಿಯ ಸುಮಾರಿಗೆ. ಅದೇ ಬೇಸಿಗೆ, ನಾಗಪುರದ ಡಾಂಬರು ಕರಗುವ ಬಿಸಿಲಿನಲ್ಲಿ, ತಿದ್ದಿದ ಕಾನೂನು ಜಾರಿಗೆ ಬಂತು. ಆ ದಿನ ಜೀವ ಇದ್ದ ಪೇಟೆಂಟುಗಳಿಗೆಲ್ಲ ಇಪ್ಪತ್ತು ವರ್ಷದ ಆಯುಷ್ಯ. ಔಷಧದ ವಿಧಾನಕ್ಕೂ ಅಷ್ಟೇ. ಬೇರೆಯವರ ಕಡತಗಳನ್ನು ತೆಗೆದು ಇಪ್ಪತ್ತು ಇಪ್ಪತ್ತು ಎಂದು ಬರೆಯುತ್ತ ಹೋದೆ. ಸರೋಜಾ ಅವರದು ಬಂದಾಗ ಪಕ್ಕಕ್ಕಿಟ್ಟೆ. ಮತ್ತೆ ಒಂದೆರಡು ವರ್ಷಕ್ಕೆ ಔಷಧಕ್ಕೂ ಪೇಟೆಂಟ್ ಬಂತು. ಮೊದಲು ಪುಡಿಯನ್ನು ಕೇಳಿ ನಗೆಗೀಡಾದವರು ಈಗ ಪುಡಿಯನ್ನೇ ಕೇಳತೊಡಗಿದರು. ಭಾಲೇರಾವ್ ಸಾಹೇಬರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಭೇಟಿಯಾದಾಗ ಈ ಕಡತದ ಮಾತೆತ್ತಿದೆ. "ಪದ್ಧತಿ ಚೆನ್ನಾಗಿತ್ತು ರೇ, ಹೊಲ ಬೇರೆಯದಿತ್ತು," ಎಂದರು. ಅವರನ್ನು ನಾನು ದೂರುವುದಿಲ್ಲ. ಅವರು ಕಲಿಸಿದರು, ಎಲ್ಲಿ ಬಳಸಬೇಕೆಂದು ನೋಡುವ ಕಣ್ಣು ನನಗಿತ್ತಲ್ಲ.

ಆಮೇಲೆ ನನ್ನ ಕೈಕೆಳಗೆ ಬಂದವರಿಗೆಲ್ಲ ಒಂದೇ ಮಾತು ಹೇಳಿದೆ: ಕಕ್ಷಿದಾರ ಏನು ಮಾಡಿದ್ದಾನೋ ಅದನ್ನು ಮೊದಲ ಸಾಲಿನಲ್ಲಿ ಬರೆ. ಅವನಿಗೆ ಹೊಲ ಬೇಕೋ ಹೊತ್ತು ಬೇಕೋ ಕೇಳು. ಕೇಳಿದ ಮೇಲೆ ಅವನು ಹೇಳಿದ್ದನ್ನು ನಂಬು. ಕೆಲವರು ಪಾಲಿಸಿದರು. ಕೆಲವರು ನನ್ನ ಬೆನ್ನ ಹಿಂದೆ, ಮುದುಕ ಹೆದರಿದ್ದಾನೆ ಎಂದರು. ಹೆದರಿದ್ದೇನೆ, ಸುಳ್ಳಲ್ಲ.

ಸರೋಜಾ ಅವರು ಅದೇ ಕಾಲೇಜಿನಲ್ಲಿ, ಅದೇ ಮೇಜಿನಲ್ಲಿ ನಿವೃತ್ತಿಯವರೆಗೆ ಪಾಠ ಮಾಡಿದರು. ಅವರ ವಿಧಾನವನ್ನು ಮುಂದೆ ಯಾರ್ಯಾರೋ ಬಳಸಿದರು ಎಂದು ಕೇಳಿದ್ದೇನೆ. ಬಳಸಬಹುದು, ತಪ್ಪಿಲ್ಲ. ಎಲ್ಲವನ್ನೂ ಬರೆದು ಕೊಟ್ಟಿದ್ದೆವಲ್ಲ.

ಸರ್ಟಿಫಿಕೇಟು ಬಂದ ದಿನದ ಮಾತು ಉಳಿದಿದೆ. ಅದು ಆ ಹೋಳಿ ಹಬ್ಬಕ್ಕೆ ಮೂರ್ನಾಲ್ಕು ತಿಂಗಳ ಮುಂಚೆ, ಚಳಿಗಾಲ. ಸಾಮಾನ್ಯವಾಗಿ ಇಂಥವನ್ನು ಅಂಚೆಯಲ್ಲಿ ಕಳಿಸುತ್ತಿದ್ದೆವು. ಇದನ್ನು ನಾನೇ ಸ್ಕೂಟರಿನಲ್ಲಿ ಮಹಾಲಿಗೆ ಒಯ್ದೆ. ಬೇಕಂತಲೇ ಭಾನುವಾರ ಹೋದೆ, ಮನೆಯವರೆಲ್ಲ ಇರಲಿ ಎಂದು. ಓಣಿಯಲ್ಲಿ ಸಂತ್ರಾ ಗಾಡಿಗಳು ಅಡ್ಡ ನಿಂತಿದ್ದವು, ಸ್ಕೂಟರು ದೂರ ಬಿಟ್ಟು ನಡೆದು ಹೋದೆ.

ಸರೋಜಾ ಕೈ ಒರೆಸಿಕೊಂಡು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ದಪ್ಪ ಕಾಗದ, ಮೂಲೆಯಲ್ಲಿ ಒತ್ತಿದ ಮುದ್ರೆ. ಓದಿದರು. ಗಂಡನ ಕೈಗೆ ಕೊಟ್ಟರು, ಅವರೂ ಓದಿದರು. ನೀಲವ್ವ ಕಂಬಕ್ಕೆ ಒರಗಿ ಕುಳಿತಿದ್ದರು.

"ಏನ್ ಬರದಾರ ಅದ್ರಾಗ? ಓದಿ ಹೇಳ್ರಿ ವಕೀಲರ."

ನಾನು ಕನ್ನಡದಲ್ಲಿ ಹೇಳಿದೆ. ಸಂತ್ರಾ ಸಿಪ್ಪೆಯಿಂದ ಔಷಧದ ಪುಡಿ ತೆಗೆಯುವ ವಿಧಾನ. ಇದನ್ನು ಮೊದಲು ಕಂಡುಹಿಡಿದವರು ಸರೋಜಾ ಇಟಗಿ, ಮಹಾಲ್, ನಾಗಪುರ.

"ಹೆಸರು ಅಕಿದ ಐತಿ? ನನ್ನ ಮಗಂದಲ್ಲ?"

"ಅಕಿದ ಐತ್ರಿ."

"ಕಾಲೇಜಿಂದೂ ಅಲ್ಲ?"

"ಅಲ್ರಿ. ಅಕಿದೊಂದ."

"ಹಂಗಾರ ಎಲ್ಲಾರೂ ಯಾಕ ಮಾರಿ ಸಣ್ಣ ಮಾಡೀರಿ?"

ಸರೋಜಾ ಹೇಳಿದರು, "ಇದು ಬಾಳ ದಿನ ನಡ್ಯಂಗಿ‌ಲ್ಲ ಅತ್ತಿ. ಬರೂ ಹೋಳಿ ಹುಣ್ಣಿಮಿಗೆ ಮುಗೀತೈತಿ. ಆಮ್ಯಾಲ ಇದು ಬರೇ ಕಾಗದ."

ನೀಲವ್ವ ಕಂಬ ಹಿಡಿದು ಎದ್ದರು. ಮಗನ ಕೈಯಿಂದ ಸರ್ಟಿಫಿಕೇಟು ಇಸಿದುಕೊಂಡು, ಸೆರಗಿನಿಂದ ಒಮ್ಮೆ ಒರೆಸಿ, ನನ್ನ ಕೈಗೆ ಕೊಟ್ಟರು.

"ಮುಗದ್ರ ಮುಗೀಲಿ. ಗಾಜಿನ ಕಟ್ಟು ಹಾಕಿಸಿಕೊಂಡು ಬರ್ರಿ, ಗ್ವಾಡಿಗೆ ಹಾಕೂಣು. ಸತ್ತವರ ಫೋಟೋ ಹಾಕೂದಿಲ್ಲೇನು?"